ಚನ್ನಪಟ್ಟಣದ ತಂತಿ, ಪೀಣ್ಯದ ತೋಳು: ಕಾಯಿಸಿದ ಲೋಹದ ಇನ್ನೂರು ವರ್ಷ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಈ ಸಲ ವಿಷಯ ಸ್ವಲ್ಪ ಬಿಸಿ ಇದೆ. ಕುಲುಮೆಯಷ್ಟು ಬಿಸಿ.

ಫೋನ್ ಹೇಗೂ ಕೈಯಲ್ಲೇ ಇದೆ. ದಿಕ್ಸೂಚಿ ಆ್ಯಪ್ ಇದ್ದರೆ ತೆರೆದು ನೋಡಿ. ಕೆಲವು ಆ್ಯಪ್‌ಗಳು ಉತ್ತರ ದಿಕ್ಕಿನ ಜೊತೆಗೆ ಒಂದು ಅಂಕಿಯನ್ನೂ ತೋರಿಸುತ್ತವೆ, ಮೈಕ್ರೊಟೆಸ್ಲಾ ಅಂತ. ನಾನು ಇಲ್ಲಿ ಕಾಫಿ ತೋಟದ ಮಧ್ಯೆ ನಿಂತು ನೋಡಿದರೆ 40ರ ಆಸುಪಾಸು ಬರುತ್ತೆ. ಅದು ಭೂಮಿಯ ಕಾಂತಕ್ಷೇತ್ರ. ಫ್ರಿಜ್ ಮೇಲೆ ಅಂಟಿಸೋ ಅಯಸ್ಕಾಂತ ಅದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಬಲ ಇರುತ್ತೆ. ಅಂದರೆ ನಮ್ಮ ಫೋನು ಬಹಳ ಬಡ ಕಾಂತಬಲವೊಂದನ್ನು ಗುರುತಿಸುತ್ತಾ ಕೂತಿದೆ. ಅದನ್ನೇ ಕಬ್ಬಿಣದ ಬೀರು ಪಕ್ಕಕ್ಕೆ, ಬೈಕಿನ ಟ್ಯಾಂಕ್ ಹತ್ತಿರಕ್ಕೆ ತೆಗೆದುಕೊಂಡು ಹೋಗಿ, ಮುಳ್ಳು ತಲೆ ತಿರುಗಿದ ಹಾಗೆ ಆಡುತ್ತೆ.

ಇಷ್ಟು ಸಣ್ಣ ಬಲ ಗೊತ್ತಾಗೋದು ಹೇಗೆ? ಬಿ.ಕಾಂ. ಓದಿದ ನನಗೆ ಈ ಪ್ರಶ್ನೆಗೂ ನನಗೂ ಸಂಬಂಧ ಇಲ್ಲ ಅಂತಲೇ ಅನ್ನಿಸಿತ್ತು. ಆದರೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಸರ್ಕ್ಯೂಟ್‌ಗಿಂತ ಹೆಚ್ಚಾಗಿ ಒಲೆ. ಒಂದು ಲೋಹವನ್ನು ಎಷ್ಟು ಕಾಯಿಸಬೇಕು, ಎಷ್ಟು ಹೊತ್ತು, ಹೇಗೆ ಆರಿಸಬೇಕು ಅನ್ನೋದರ ಮೇಲೆ ಆ ಲೋಹ ಕಾಂತವನ್ನು ಎಷ್ಟು ಸೂಕ್ಷ್ಮವಾಗಿ ಗ್ರಹಿಸುತ್ತೆ ಅನ್ನೋದು ನಿಂತಿದೆ. ಕನ್ನಡದಲ್ಲಿ ಇದಕ್ಕೊಂದು ಪದ ಮೊದಲಿಂದಲೇ ಇದೆ: ಹದ. ಪಾಕದ ಹದ, ಮಣ್ಣಿನ ಹದ, ಕುಡುಗೋಲಿಗೆ ಕಮ್ಮಾರ ಕೊಡೋ ಹದ. ಕಾಫಿ ಹುರಿಯೋರಿಗೂ ಗೊತ್ತು, ಅರ್ಧ ನಿಮಿಷ ಹೆಚ್ಚಾದರೆ ಏನಾಗುತ್ತೆ ಅಂತ.

ಈ ಹದದ ಕಥೆಯನ್ನು ನಾನು ಚನ್ನಪಟ್ಟಣದಿಂದ ಶುರು ಮಾಡ್ತೀನಿ.

ತಿತಿಮತಿಯಿಂದ ಹುಣಸೂರು, ಮೈಸೂರು ದಾಟಿ ಬೆಂಗಳೂರಿಗೆ ಹಳೇ ರಸ್ತೆಯಲ್ಲಿ ಹೋದರೆ ಚನ್ನಪಟ್ಟಣ ಸಿಗುತ್ತೆ. ಬಣ್ಣದ ಗೊಂಬೆಗಳ ಊರು. ಆದರೆ ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈ ಊರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಅನ್ನೋ ಸ್ಕಾಟ್ಲೆಂಡಿನ ವೈದ್ಯ ಬರೆದುಕೊಂಡಿದ್ದು ಇನ್ನೊಂದು ವಸ್ತುವಿನ ಬಗ್ಗೆ. ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳಿಸಿದ್ದು ಗೆದ್ದ ನಾಡಿನಲ್ಲಿ ಏನೇನು ಬೆಳೆಯುತ್ತೆ, ಏನೇನು ತಯಾರಾಗುತ್ತೆ ನೋಡಿ ಬಾ ಅಂತ. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದರೆ ಕಂಪನಿ ಕೊಂಡ ಮೇಲೆ ಕಳಿಸಿದ ಆಡಿಟರ್. ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಬಂತು. ಅದರಲ್ಲಿ ಚನ್ನಪಟ್ಟಣದ ಉಕ್ಕಿನ ತಂತಿಯ ಪ್ರಸ್ತಾಪ ಇದೆ. ಸಂಗೀತ ವಾದ್ಯಗಳಿಗೆ ಕಟ್ಟೋ ತಂತಿ. ಒಳ್ಳೆ ಹೆಸರಿತ್ತು, ದೂರದೂರದ ಪ್ರಾಂತ್ಯಗಳಿಗೂ ಹೋಗುತ್ತಿತ್ತು ಅಂತ ಬರೆಯುತ್ತಾನೆ.

ಇದು ಒಬ್ಬನೇ ಹೇಳಿದ ಮಾತಲ್ಲ. ನೂರು ವರ್ಷ ಕಳೆದು 20ನೇ ಶತಮಾನದ ಶುರುವಿನಲ್ಲಿ ಬಂದ ಇಂಪೀರಿಯಲ್ ಗೆಜೆಟಿಯರ್ ಕೂಡ ಚನ್ನಪಟ್ಟಣ ಅಂದ ತಕ್ಷಣ ಅರಗಿನ ಸಾಮಾನು, ಗೊಂಬೆ, ಗಾಜಿನ ಬಳೆ, ಇವುಗಳ ಜೊತೆ ವಾದ್ಯದ ನಯವಾದ ಉಕ್ಕಿನ ತಂತಿಯನ್ನೂ ಪಟ್ಟಿ ಮಾಡುತ್ತೆ. ಗೊಂಬೆ ಉಳಿದುಕೊಂಡಿತು, ಜಿಐ ಟ್ಯಾಗೂ ಬಂತು. ತಂತಿ ಮಾತ್ರ ನೆನಪಿನಿಂದ ಜಾರಿತು.

ಆ ತಂತಿಯ ಕೆಲಸ ಎಷ್ಟು ಕಷ್ಟ ಅಂತ ಒಂಚೂರು ಹೇಳಲೇಬೇಕು. ಮೊದಲು ಉಕ್ಕು ಬೇಕು. ಹಳೇ ಮೈಸೂರು ಸೀಮೆಯಲ್ಲಿ ಆಗ ಉಕ್ಕನ್ನು ಮೂಸೆಯಲ್ಲಿ ಮಾಡುತ್ತಿದ್ದರು. ಮೂಸೆ ಅಂದರೆ ಮಣ್ಣಿನ ಸಣ್ಣ ಕುಡಿಕೆ. ಅದರೊಳಗೆ ಮೆತು ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿರೆಲೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಇದ್ದಿಲ ಬೆಂಕಿಯಲ್ಲಿ ತಿದಿ ಒತ್ತುತ್ತಾ ಗಂಟೆಗಟ್ಟಲೆ ಕಾಯಿಸೋದು. ಕಡ್ಡಿಯ ಇಂಗಾಲ ಕಬ್ಬಿಣದೊಳಗೆ ಸೇರಿ ಉಕ್ಕಾಗುತ್ತೆ. ಬುಕಾನನ್ ಇಂಥ ಕುಲುಮೆಗಳನ್ನು ಮಾಗಡಿ ಕಡೆ ಕಣ್ಣಾರೆ ನೋಡಿ ಬರೆದಿದ್ದಾನೆ. ಈ ಉಕ್ಕನ್ನೇ ಇಂಗ್ಲಿಷರು ವೂಟ್ಜ್ ಅಂತ ಕರೆದದ್ದು. ನಮ್ಮ ‘ಉಕ್ಕು’ ಅನ್ನೋ ಪದವೇ ಹಾಗೆ ಕೆಟ್ಟು ಹೋಗಿದೆ ಅಂತ ಬಹಳ ವಿದ್ವಾಂಸರು ಹೇಳ್ತಾರೆ.

ಉಕ್ಕು ಸಿಕ್ಕಿತು. ಈಗ ತಂತಿ ಎಳೀಬೇಕು. ಗಟ್ಟಿ ಹಲಗೆಯಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ತೂತು. ಒಂದೊಂದರಲ್ಲೂ ತೂರಿಸಿ ಎಳೀತಾ ಹೋದರೆ ತಂತಿ ಸಪೂರ ಆಗುತ್ತೆ. ಅಕ್ಕಸಾಲಿಗರು ಚಿನ್ನದ ಎಳೆ ತೆಗೆಯೋದು ನೋಡಿದ್ದರೆ ಇದೇ ಕ್ರಮ. ಆದರೆ ಉಕ್ಕು ಚಿನ್ನದ ಹಾಗೆ ಸಾಧು ಅಲ್ಲ. ಎಳೆದಷ್ಟೂ ಒಳಗೆ ಬಿಗಿತ ಕೂಡುತ್ತೆ, ಗಡುಸಾಗುತ್ತೆ, ಇನ್ನೊಂದು ತೂತಿಗೆ ಹಾಕಿದರೆ ಪಟ್ ಅಂತ ಕಿತ್ತು ಬರುತ್ತೆ. ಹಾಗಾಗಿ ನಡುನಡುವೆ ಕೆಂಪಗೆ ಕಾಯಿಸಿ ಮೆಲ್ಲಗೆ ಆರಲು ಬಿಡಬೇಕು. ಆಗ ಒಳಗಿನ ಬಿಗಿತ ಸಡಿಲ ಆಗಿ ಮತ್ತೆ ಎಳೆಯೋಕೆ ಬರುತ್ತೆ. ಕೊನೆಗೆ ಮಾತ್ರ ಕಾಯಿಸಬಾರದು. ಕೊನೆಯ ಕೆಲವು ಎಳೆತದ ಬಿಗಿತ ತಂತಿಯಲ್ಲೇ ಉಳಿಯಬೇಕು. ಇಲ್ಲದಿದ್ದರೆ ವಾದ್ಯಕ್ಕೆ ಕಟ್ಟಿ ಶ್ರುತಿ ಏರಿಸಿದಾಗ ಅದು ಜಗ್ಗಿ ಹೋಗುತ್ತೆ. ಎಲ್ಲಿ ಕಾಯಿಸಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ಥರ್ಮಾಮೀಟರ್ ಇಲ್ಲದೆ, ಬೆಂಕಿಯ ಬಣ್ಣ ನೋಡಿ ತೀರ್ಮಾನ ಮಾಡುತ್ತಿದ್ದರು.

ಆ ಕೆಲಸಗಾರರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. ಬುಕಾನನ್ ಹೆಸರು ಗೊತ್ತು, ವೆಲ್ಲೆಸ್ಲಿ ಹೆಸರು ಗೊತ್ತು. ನನಗೆ ಇದು ಚುಚ್ಚುತ್ತೆ. ಅಕೌಂಟ್ಸ್‌ನಲ್ಲಿ ‘ಇಂಟ್ಯಾಂಜಿಬಲ್ ಅಸೆಟ್’ ಅಂತ ಒಂದು ಸಾಲು ಇರುತ್ತಲ್ಲ, ಕಣ್ಣಿಗೆ ಕಾಣದ ಆಸ್ತಿ, ಗುಡ್‌ವಿಲ್, ಪೇಟೆಂಟ್ ಎಲ್ಲ ಬರೋ ಜಾಗ. ಚನ್ನಪಟ್ಟಣದ ಹದ ಯಾವ ಲೆಕ್ಕದ ಪುಸ್ತಕಕ್ಕೂ ಏರದೆ ಹೋದ ಆಸ್ತಿ.

ಇಲ್ಲೊಂದು ಮಾತು. ವಾಟ್ಸ್ಆ್ಯಪ್‌ನಲ್ಲಿ ‘ನಮ್ಮ ಪೂರ್ವಿಕರಿಗೆ ಎಲ್ಲಾ ಗೊತ್ತಿತ್ತು’ ಅನ್ನೋ ಫಾರ್ವರ್ಡ್ ಬರುತ್ತಲ್ಲ, ಈ ಸಂಚಿಕೆಯನ್ನು ಅದಕ್ಕೆ ಜೋಡಿಸಬೇಡಿ. ಚನ್ನಪಟ್ಟಣದವರು ಕಾಂತ ಸಂವೇದಕ ಮಾಡಲಿಲ್ಲ, ಮಾಡೋ ಅಗತ್ಯವೂ ಇರಲಿಲ್ಲ. ಅವರಿಗೆ ಗೊತ್ತಿದ್ದದ್ದು ತಂತಿಯೊಳಗಿನ ಬಿಗಿತವನ್ನು ಬೆಂಕಿಯಿಂದ ಪಳಗಿಸೋದು. ನಮ್ಮೂರ ಹತ್ತಿರದ ಮತ್ತಿಗೋಡು ಶಿಬಿರದಲ್ಲಿ ಆನೆ ಪಳಗಿಸ್ತಾರಲ್ಲ, ಅಷ್ಟೇ ತಾಳ್ಮೆಯ ಕೆಲಸ. ಅದೇ ಕೆಲಸ ಇವತ್ತಿನ ಅತಿಸೂಕ್ಷ್ಮ ಸಂವೇದಕಗಳ ಹೃದಯದಲ್ಲೂ ಇದೆ. ನಾನು ಹೇಳ್ತಿರೋ ಸಂಬಂಧ ಅಷ್ಟು ಮಾತ್ರ.

ಆದರೂ ಒಂದು ನಿಜವಾದ ಕೊಂಡಿ ಇದೆ, ಲಂಡನ್ ಮೂಲಕ. 1790ರ ದಶಕದಲ್ಲಿ ಮುಂಬೈಯಿಂದ ವೂಟ್ಜ್ ಗಟ್ಟಿಗಳು ಲಂಡನ್ನಿನ ರಾಯಲ್ ಸೊಸೈಟಿಗೆ ಹೋದವು. ಆಮೇಲೆ ಅವುಗಳ ಗುಟ್ಟು ತಿಳಿಯೋಕೆ ಹೊರಟವರಲ್ಲಿ ಒಬ್ಬ ಕಮ್ಮಾರನ ಮಗ ಇದ್ದ, ಮೈಕೆಲ್ ಫ್ಯಾರಡೆ. 1819ರಲ್ಲಿ ವೂಟ್ಜ್ ವಿಶ್ಲೇಷಣೆ ಪ್ರಕಟಿಸಿದ, ಮರುವರ್ಷ ಜೇಮ್ಸ್ ಸ್ಟೊಡಾರ್ಟ್ ಅನ್ನೋ ಚಾಕು ತಯಾರಕನ ಜೊತೆ ಸೇರಿ ಉಕ್ಕಿನ ಮಿಶ್ರಲೋಹಗಳ ಪ್ರಯೋಗ ಮಾಡಿದ. ಅದೇ ಫ್ಯಾರಡೆ 1831ರಲ್ಲಿ ಕಾಂತಬಲ ಬದಲಾದರೆ ಪಕ್ಕದ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತೆ ಅಂತ ಕಂಡುಹಿಡಿದ. ಈಗ ನಾವು ಮಾತಾಡಲಿರೋ ಸಂವೇದಕ ನಿಂತಿರೋದು ಆ ತತ್ವದ ಮೇಲೆ. ಈ ಭಾಗದ ಬಗ್ಗೆ ಇನ್ನೂ ತಿಳಿಯಬೇಕು ಅನ್ನೋರು ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಅವರು ಸೇರಿ ಬರೆದಿರೋ ವೂಟ್ಜ್ ಉಕ್ಕಿನ ಪುಸ್ತಕ ನೋಡಿ. ರಂಗನಾಥನ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಿಢೀರ್ ತಣಿಸಿದ ಲೋಹಗಳನ್ನು ಅಭ್ಯಾಸ ಮಾಡಿದವರು. ಹಳೇ ಉಕ್ಕು, ಹೊಸ ಲೋಹ ಎರಡನ್ನೂ ಒಬ್ಬರೇ ನೋಡಿದ್ದಾರೆ ಅನ್ನೋದು ನನಗೆ ಬಹಳ ಇಷ್ಟವಾದ ವಿಷಯ.

ಕಾಂತಕ್ಕೂ ಕಾವಿಗೂ ಇರೋ ನಂಟು ಮಾತ್ರ ಇನ್ನೂ ಹಳೇದು. ವಿಲಿಯಂ ಗಿಲ್ಬರ್ಟ್ 1600ರಲ್ಲಿ ಅಯಸ್ಕಾಂತದ ಬಗ್ಗೆ ಲ್ಯಾಟಿನ್‌ನಲ್ಲಿ ಒಂದು ಪುಸ್ತಕ ಬರೆದ. ಅದರಲ್ಲೊಂದು ಚಿತ್ರ ಇದೆ: ಒಬ್ಬ ಕಮ್ಮಾರ ಕಾದ ಕಬ್ಬಿಣದ ಸಲಾಕೆಯನ್ನು ಉತ್ತರ-ದಕ್ಷಿಣಕ್ಕೆ ಹಿಡಿದು ಬಡೀತಿದ್ದಾನೆ. ಹಾಗೆ ಬಡಿದು ಆರಿಸಿದರೆ ಸಲಾಕೆ ತಾನೇ ಅಯಸ್ಕಾಂತ ಆಗುತ್ತೆ. ಕಾರಣ ನಮಗೀಗ ಗೊತ್ತು. ಕಬ್ಬಿಣ 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಕಾಂತಗುಣ ಕಳಚಿ ಬೀಳುತ್ತೆ. ಆರುತ್ತಾ ಬರುವಾಗ ಮತ್ತೆ ಬರುತ್ತೆ. ಆ ಹೊತ್ತಿನಲ್ಲಿ ಸುತ್ತ ಯಾವ ದಿಕ್ಕಿನ ಕಾಂತಕ್ಷೇತ್ರ ಇದೆಯೋ ಅದರ ಗುರುತು ಒಳಗೆ ಕೂರುತ್ತೆ.

ಇಲ್ಲಿ ಎರಡು ಜಾತಿ ಬೇರೆ ಮಾಡಿಕೊಳ್ಳಬೇಕು. ದಿಕ್ಸೂಚಿಯ ಮುಳ್ಳು ಹಟಮಾರಿ ಆಗಿರಬೇಕು. ಒಮ್ಮೆ ಕಾಂತ ಹಿಡಿದರೆ ಬಿಡಬಾರದು. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ ಗಡಸು ಉಕ್ಕು ಇದಕ್ಕೆ ಸರಿ. ಸಂವೇದಕದ ಒಳಗಿನ ತಂತಿ ಇದಕ್ಕೆ ಪೂರಾ ಉಲ್ಟಾ. ಸಣ್ಣ ಕಾಂತಬಲ ಸೋಕಿದರೂ ಒಲೀಬೇಕು, ತೆಗೆದ ಕೂಡಲೇ ಮರೀಬೇಕು.

20ನೇ ಶತಮಾನದ ಶುರುವಿನಲ್ಲಿ ಅಮೆರಿಕದ ಗುಸ್ತಾಫ್ ಎಲ್ಮನ್ ಇಂಥ ಒಂದು ಲೋಹ ಕಂಡುಕೊಂಡ. ಟೆಲಿಫೋನ್ ಕಂಪನಿಯ ಎಂಜಿನಿಯರ್. ಸುಮಾರು 78 ಪಾಲು ನಿಕ್ಕಲ್, ಉಳಿದದ್ದು ಕಬ್ಬಿಣ, ಹೆಸರು ಪರ್ಮಲಾಯ್. ಬರೀ ಎರಕ ಹೊಯ್ದರೆ ಅದರಲ್ಲಿ ವಿಶೇಷ ಏನೂ ಇಲ್ಲ. 900 ಡಿಗ್ರಿ ಸುತ್ತ ಕಾಯಿಸಿ ನಿಧಾನ ಆರಿಸಿ, ಮತ್ತೆ 600ಕ್ಕೆ ಏರಿಸಿ, ಈ ಸಲ ಬೇಗ ತಣಿಸಿದರೆ ಮಾತ್ರ ಅದರ ಗುಣ ಅರಳುತ್ತೆ. 1924ರಲ್ಲಿ ಅಟ್ಲಾಂಟಿಕ್‌ನಲ್ಲಿ ನ್ಯೂಯಾರ್ಕ್‌ನಿಂದ ಅಜೋರ್ಸ್ ದ್ವೀಪಕ್ಕೆ ಹಾಕಿದ ತಂತಿ ಕೇಬಲ್‌ಗೆ ಈ ಲೋಹ ಸುತ್ತಿದ್ದರಿಂದ ತಂತಿ ಸಂದೇಶಗಳ ವೇಗ ಹಲವು ಪಟ್ಟು ಹೆಚ್ಚಿತು. ಪದಾರ್ಥ ಅದೇ, ತೂಕ ಅದೇ, ಒಲೆಯಲ್ಲಿ ಕಳೆದ ಸಮಯಕ್ಕೆ ಬೆಲೆ. ವ್ಯಾಲ್ಯೂ ಅಡಿಷನ್ ಅಂತ ಕ್ಲಾಸಲ್ಲಿ ಹೇಳಿಕೊಟ್ಟಿದ್ದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗಂತೂ ಸಿಕ್ಕಿಲ್ಲ. 1934-35ರ ಹೊತ್ತಿಗೆ ಬೆಲ್ ಪ್ರಯೋಗಾಲಯದವರು ಕಾಯಿಸುವಾಗಲೇ ಕಾಂತಕ್ಷೇತ್ರವನ್ನೂ ಕೊಟ್ಟರೆ ಇನ್ನೂ ಚೆನ್ನಾಗಿರುತ್ತೆ ಅಂತ ತೋರಿಸಿದರು. ಗಿಲ್ಬರ್ಟ್ ಚಿತ್ರದ ಕಮ್ಮಾರನೇ ಪ್ರಯೋಗಾಲಯಕ್ಕೆ ಬಂದ ಹಾಗಾಯ್ತು.

ಇದೇ ದಶಕದಲ್ಲಿ ಹುಟ್ಟಿದ್ದು ಫ್ಲಕ್ಸ್‌ಗೇಟ್ ಅನ್ನೋ ಸಂವೇದಕ. ಇದನ್ನು ಹೀಗೆ ಊಹಿಸಿಕೊಳ್ಳಿ. ಒಂದು ಉಯ್ಯಾಲೆಯನ್ನು ಎರಡೂ ಕಡೆ ಸಮನಾಗಿ ತೂಗ್ತಿದ್ದೀರಿ. ಮೆಲ್ಲಗೆ ಒಂದು ಕಡೆಯಿಂದ ಗಾಳಿ ಬೀಸಿದರೆ ಆ ಕಡೆಯ ತೂಗು ಕೊಂಚ ಹೆಚ್ಚಾಗುತ್ತೆ. ಗಾಳಿ ಕಣ್ಣಿಗೆ ಕಾಣಲ್ಲ, ಆದರೆ ಉಯ್ಯಾಲೆಯ ಅಸಮತೋಲ ಕಾಣುತ್ತೆ. ಫ್ಲಕ್ಸ್‌ಗೇಟ್‌ನಲ್ಲಿ ಪರ್ಮಲಾಯ್ ತಿರುಳನ್ನು ವಿದ್ಯುತ್ ಸುರುಳಿಯಿಂದ ಆ ಕಡೆ ಈ ಕಡೆ ಕಾಂತೀಕರಿಸುತ್ತಾ ಇರ್ತಾರೆ. ಹೊರಗಿನ ಕಾಂತಕ್ಷೇತ್ರ ಬಂದರೆ ಸಮತೋಲ ತಪ್ಪುತ್ತೆ, ಫ್ಯಾರಡೆ ಹೇಳಿದ ಹಾಗೆ ಇನ್ನೊಂದು ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತೆ. ಎರಡನೇ ಮಹಾಯುದ್ಧದಲ್ಲಿ ವಿಮಾನದಿಂದ ಸಮುದ್ರದೊಳಗಿನ ಜಲಾಂತರ್ಗಾಮಿ ಹುಡುಕೋಕೆ ಇದು ಬಂತು. ಇದರ ಹಿಂದಿದ್ದ ವಿಕ್ಟರ್ ವಾಕಿಯರ್ ಮೊದಲು ತೈಲ ಕಂಪನಿಯೊಂದರ ಸಂಶೋಧಕ. ಯುದ್ಧ ಮುಗಿದ ಮೇಲೆ ಇದೇ ಉಪಕರಣ ಸಮುದ್ರತಳದ ಕಾಂತಪಟ್ಟೆಗಳನ್ನು ತೋರಿಸಿತು, ಖಂಡಗಳು ಸರಿಯುತ್ತವೆ ಅನ್ನೋದಕ್ಕೆ ಪುರಾವೆ ಸಿಕ್ಕಿತು. ಅದು ಬೇರೆಯೇ ಸಂಚಿಕೆ.

ನನ್ನಂಥ ಧ್ವನಿ ಕೆಲಸದವರಿಗೆ ಇಷ್ಟ ಆಗೋ ಸಂಗತಿ ಒಂದಿದೆ. 1919ರಲ್ಲಿ ಹೈನ್‌ರಿಶ್ ಬಾರ್ಕ್‌ಹೌಸನ್ ಅನ್ನೋ ಜರ್ಮನ್ ವಿಜ್ಞಾನಿ, ಕಬ್ಬಿಣ ಕಾಂತ ಹಿಡಿಯುವಾಗ ಆಗೋ ಬದಲಾವಣೆಯನ್ನು ಆಂಪ್ಲಿಫೈ ಮಾಡಿ ಕೇಳಿಸಿದ. ಚರಪರ ಸದ್ದು, ಸಾಸಿವೆ ಒಗ್ಗರಣೆ ಸಿಡಿದ ಹಾಗೆ. ಲೋಹದೊಳಗೆ ಪುಟ್ಟ ಪುಟ್ಟ ಕಾಂತಪ್ರದೇಶಗಳು ಇರ್ತವೆ. ಅವುಗಳ ಗಡಿಗಳು ನಯವಾಗಿ ಜರುಗೋ ಬದಲು ಎಲ್ಲೆಲ್ಲಿ ಒಳಬಿಗಿತ, ಕಲ್ಮಶ ಇದೆಯೋ ಅಲ್ಲಲ್ಲಿ ಸಿಕ್ಕಿಕೊಂಡು ಆಮೇಲೆ ಜಿಗಿಯುತ್ತವೆ. ಆ ಜಿಗಿತವೇ ಸದ್ದು. ನನ್ನ ಮೈಕಿಗೆ ಫ್ಯಾನ್ ಸದ್ದು ಹೇಗೋ, ಸಂವೇದಕಕ್ಕೆ ಈ ಚರಪರ ಹಾಗೆ. ಸರಿಯಾಗಿ ಕಾಯಿಸಿದರೆ ಬಿಗಿತ ಇಳಿದು ಸದ್ದು ಅಡಗುತ್ತೆ.

ಈಗ ಅಮಾರ್ಫಸ್ ಲೋಹಕ್ಕೆ ಬರೋಣ. ಅಮ್ಮ ಬೆಲ್ಲದ ಪಾಕ ಕಾಯಿಸಿ ಕಡಲೆಕಾಯಿ ಚಿಕ್ಕಿ ಮಾಡೋದು ನೋಡಿದ್ದೀರಲ್ಲ. ಸಕ್ಕರೆ ಪಾಕ ನಿಧಾನವಾಗಿ ಬಹಳ ದಿನ ಕೂತರೆ ಕಲ್ಲುಸಕ್ಕರೆ ಹರಳು ಕಟ್ಟುತ್ತೆ. ಬೇಗ ಆರಿಸಿದರೆ ಹರಳಿಲ್ಲದ ಗಾಜಿನಂಥ ಗಟ್ಟಿ ಆಗುತ್ತೆ, ಲಾಲಿಪಾಪ್ ಹಾಗೆ. ಲೋಹ ಯಾವಾಗಲೂ ಹರಳು ಕಟ್ಟುತ್ತೆ ಅಂತ ಜನ ನಂಬಿದ್ದರು. 1960ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪೋಲ್ ಡುವೇ ಮತ್ತು ಸಂಗಡಿಗರು ಚಿನ್ನ-ಸಿಲಿಕಾನ್ ಮಿಶ್ರಣವನ್ನು ಸೆಕೆಂಡಿಗೆ ಹತ್ತು ಲಕ್ಷ ಡಿಗ್ರಿಯ ಆಸುಪಾಸಿನ ವೇಗದಲ್ಲಿ ತಣಿಸಿ ಗಾಜಿನಂಥ ಲೋಹ ಮಾಡಿ ತೋರಿಸಿದರು. ಅಣುಗಳಿಗೆ ಸಾಲಾಗಿ ನಿಲ್ಲೋಕೆ ಸಮಯವೇ ಸಿಗಲಿಲ್ಲ. ಹರಳಿಲ್ಲ ಅಂದ ಮೇಲೆ ಹರಳಿನ ಗಡಿ ಇಲ್ಲ, ಕಾಂತಪ್ರದೇಶ ಸಿಕ್ಕಿಕೊಳ್ಳೋ ಜಾಗವೂ ಕಡಿಮೆ.

ಇದರ ಪಟ್ಟಿ ಇವತ್ತು ಟ್ರಾನ್ಸ್‌ಫಾರ್ಮರ್ ಒಳಗೂ ಬಂದಿದೆ, ಸುಮ್ಮನೆ ಪೋಲಾಗೋ ಕರೆಂಟ್ ಉಳಿಸುತ್ತೆ. ನಮ್ಮೂರಲ್ಲಿ ಮಳೆಗಾಲದಲ್ಲಿ ಕರೆಂಟೇ ಇರಲ್ಲ, ಅದು ಬಿಡಿ.

ತಂತಿ ಮಾಡೋ ವಿದ್ಯೆ 1980ರ ದಶಕದಲ್ಲಿ ಜಪಾನಿನಲ್ಲಿ ಪಕ್ವ ಆಯ್ತು. ತಿರುಗೋ ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡು ಸುತ್ತುತ್ತಿರೋ ನೀರಿಗೆ ಕರಗಿದ ಲೋಹವನ್ನು ಸಪೂರ ಧಾರೆಯಾಗಿ ಚಿಮ್ಮಿಸೋದು. ನಮ್ಮ ಕಮ್ಮಾರರು ಕಾದ ಕುಡುಗೋಲನ್ನು ನೀರಿಗೆ ಅದ್ದೋದರ ಅತಿ ವೇಗದ ರೂಪ ಅನ್ನಬಹುದು. ಸಿಗೋ ತಂತಿ ಸುಮಾರು 125 ಮೈಕ್ರಾನ್, ಮಿಲಿಮೀಟರಿನ ಎಂಟನೇ ಒಂದು ಭಾಗ. ಕೋಬಾಲ್ಟ್ ಹೆಚ್ಚು, ಜೊತೆಗೆ ಕಬ್ಬಿಣ, ಸಿಲಿಕಾನ್, ಬೋರಾನ್.

1993-94ರಲ್ಲಿ ನಗೋಯಾ ವಿಶ್ವವಿದ್ಯಾಲಯದ ಕನಿಯೊ ಮೊಹ್ರಿ ತಂಡ ಈ ತಂತಿಯಲ್ಲಿ ಒಂದು ವಿಚಿತ್ರ ಕಂಡಿತು. ಅತಿ ವೇಗವಾಗಿ ದಿಕ್ಕು ಬದಲಿಸೋ ವಿದ್ಯುತ್ತನ್ನು ತಂತಿಯಲ್ಲಿ ಹರಿಸಿದರೆ ಅದು ತಂತಿಯ ಮೈಯುದ್ದಕ್ಕೂ ಸಮನಾಗಿ ಹರಿಯಲ್ಲ, ಚರ್ಮದಲ್ಲಿ ಮಾತ್ರ ಹರಿಯುತ್ತೆ. ಆ ಚರ್ಮ ಎಷ್ಟು ದಪ್ಪ ಅನ್ನೋದು ತಂತಿಯ ಕಾಂತಗುಣಕ್ಕೆ ಸೇರಿದ್ದು. ಹೊರಗಿಂದ ಸಣ್ಣ ಕಾಂತಕ್ಷೇತ್ರ ಬಂದರೂ ಚರ್ಮದ ದಪ್ಪ ಬದಲಾಗಿ ವಿದ್ಯುತ್ತಿಗೆ ಆಗೋ ತಡೆ ಬಹಳ ಬದಲಾಗುತ್ತೆ. ಇದನ್ನು ಮ್ಯಾಗ್ನೆಟೊ-ಇಂಪೀಡೆನ್ಸ್ ಅಂತಾರೆ. ತಮಾಷೆ ಏನು ಗೊತ್ತಾ, ನಿಕ್ಕಲ್-ಕಬ್ಬಿಣದ ತಂತಿಯಲ್ಲಿ ಇಂಥದ್ದನ್ನೇ 1935ರಲ್ಲಿ ಇಂಗ್ಲೆಂಡಿನವರು ನೋಡಿ ಪ್ರಕಟಿಸಿದ್ದರು. ಸುಮಾರು ಅರವತ್ತು ವರ್ಷ ಯಾರೂ ಅದರ ಗೋಜಿಗೆ ಹೋಗಲಿಲ್ಲ.

ಮೊಹ್ರಿ ತಂಡ ತಂತಿಯನ್ನು ಹೇಗೆ ಸಿದ್ಧ ಮಾಡಿತು ಕೇಳಿ. 125 ಮೈಕ್ರಾನ್ ತಂತಿಯನ್ನು ತಣ್ಣಗಿದ್ದಾಗಲೇ ಎಳೆದು ಎಳೆದು 30 ಮೈಕ್ರಾನಿಗೆ ತಂದರು. ಆಮೇಲೆ ಅದನ್ನು ಜಗ್ಗಿ ಹಿಡಿದ ಸ್ಥಿತಿಯಲ್ಲೇ 475 ಡಿಗ್ರಿಗೆ ಒಂದು ನಿಮಿಷ ಕಾಯಿಸಿದರು. ಎಳೆಯೋದು, ಕಾಯಿಸೋದು! ಚನ್ನಪಟ್ಟಣದಲ್ಲಿ ಕಾಯಿಸಿ ಆಮೇಲೆ ಎಳೀತಿದ್ದರು, ಬಿಗಿತ ಉಳೀಲಿ ಅಂತ. ಇಲ್ಲಿ ಎಳೆದು ಆಮೇಲೆ ಕಾಯಿಸ್ತಾರೆ, ಬೇಡದ ಬಿಗಿತ ಹೋಗಿ ಬೇಕಾದ ದಿಕ್ಕಿನ ಬಿಗಿತ ಮಾತ್ರ ನಿಲ್ಲಲಿ ಅಂತ.

ಇನ್ನೊಂದು ಉಪಾಯವೂ ಇದೆ, ಅದು ನನಗೆ ಹೆಚ್ಚು ಚಂದ ಕಾಣುತ್ತೆ. ಒಲೆಯೇ ಬೇಡ, ತಂತಿಯೊಳಗೆ ಕರೆಂಟ್ ಹರಿಸಿ ತಂತಿಯಿಂದಲೇ ತಂತಿಯನ್ನು ಕಾಯಿಸೋದು, ವಾಟರ್ ಹೀಟರ್ ಸುರುಳಿ ಕಾಯೋ ಹಾಗೆ. ಕರೆಂಟ್ ಹರಿಯೋ ತಂತಿಯ ಸುತ್ತ ಬಳೆಯಾಕಾರದಲ್ಲಿ ಕಾಂತಕ್ಷೇತ್ರ ಹುಟ್ಟುತ್ತಲ್ಲ, ತಂತಿಯೊಳಗೂ ಅದೇ ಆಕಾರ ಇರುತ್ತೆ. ಆ ಕಾವಿನಲ್ಲಿ ಕಾಂತಗುಣ ಬಳೆಯ ಸುತ್ತಿನಲ್ಲೇ ಕೂರೋಕೆ ಕಲಿಯುತ್ತೆ. ಸಂವೇದಕಕ್ಕೆ ಬೇಕಾಗಿರೋದೂ ಅದೇ ದಿಕ್ಕು. ಕಾವು ಕಡಿಮೆ ಆದರೆ ತಣಿಸಿದಾಗ ಸೇರಿದ ಬಿಗಿತ ಹೋಗಲ್ಲ. 500 ಡಿಗ್ರಿ ದಾಟಿತೋ, ಗಾಜಿನ ಸ್ಥಿತಿ ಮುರಿದು ಹರಳು ಕಟ್ಟಿ ತಂತಿ ಗಡುಸಾಗಿ ಪುಡಿಪುಡಿ. ಎರಡರ ಮಧ್ಯೆ ಇರೋ ಕಿರಿದಾದ ಜಾಗದಲ್ಲಿ ಕೆಲಸ ಆಗಬೇಕು.

ಹಾಗಂತ ಹೆಚ್ಚು ಕಾಯಿಸಿದ್ದೆಲ್ಲ ವ್ಯರ್ಥ ಅಂತಲೂ ಇಲ್ಲ. 1988ರಲ್ಲಿ ಜಪಾನಿನ ಯೋಶಿಜಾವಾ ತಂಡ ತಾಮ್ರ, ನಯೋಬಿಯಂ ಸೇರಿಸಿದ ಕಬ್ಬಿಣದ ಗಾಜುಲೋಹವನ್ನು ಬೇಕೆಂದೇ 550 ಡಿಗ್ರಿ ಸುತ್ತ ಒಂದು ಗಂಟೆ ಕಾಯಿಸಿತು. ಹರಳು ಕಟ್ಟಿತು, ಆದರೆ ಹತ್ತು ನ್ಯಾನೊಮೀಟರ್ ಗಾತ್ರದ ಪುಟಾಣಿ ಹರಳು. ಕಾಂತಗುಣ ಕೆಡೋ ಬದಲು ಅದ್ಭುತವಾಯ್ತು. ಬೆಂಕಿ ಹತ್ತಿರ ಕೆಲಸ ಮಾಡೋರು ಯಾವತ್ತೂ ‘ಇದೇ ಕೊನೆ ಹದ’ ಅಂತ ಹೇಳಬಾರದು.

ನಿಮ್ಮ ಕೈಲಿರೋ ಫೋನಿನಲ್ಲಿ ಈ ತಂತಿ ಇದೆಯಾ? ಜಪಾನಿನ ಐಚಿ ಸ್ಟೀಲ್ ಕಂಪನಿ ಅಮಾರ್ಫಸ್ ತಂತಿಯ ಸಂವೇದಕವನ್ನು ಮೊಬೈಲ್ ದಿಕ್ಸೂಚಿಗಾಗಿ ಮಾರುಕಟ್ಟೆಗೆ ತಂದಿದ್ದು ನಿಜ. ಆದರೆ ಹೆಚ್ಚಿನ ಫೋನ್‌ಗಳಲ್ಲಿ ಇರೋದು ಸಿಲಿಕಾನ್ ಚಿಪ್ಪಿನ ಹಾಲ್ ಸಂವೇದಕ ಅಥವಾ ತೆಳು ಲೋಹಪದರದ ಸಂವೇದಕ. ಭಾರತದಲ್ಲಿ ಜಮ್ಶೆಡ್‌ಪುರದ ರಾಷ್ಟ್ರೀಯ ಲೋಹಶಾಸ್ತ್ರ ಪ್ರಯೋಗಾಲಯ ನೀರಿಗೆ ಚಿಮ್ಮಿಸೋ ಕ್ರಮದಲ್ಲಿ ಇಂಥ ತಂತಿ ಮಾಡಿ, ಕಾಯಿಸಿ ಪರೀಕ್ಷಿಸಿ ಸಂವೇದಕ ರೂಪಿಸಿದೆ.

ನಮ್ಮ ಕರ್ನಾಟಕದ ಭಾಗ ಪೀಣ್ಯದಲ್ಲಿದೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶ ಅಂದರೆ ನಮಗೆ ಟ್ರಾಫಿಕ್, ಫ್ಲೈಓವರ್. 1975ರಲ್ಲಿ ಹಾರಿದ ನಮ್ಮ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ್ದು ಅಲ್ಲೇ. ಆ ಜಾಗದಲ್ಲೀಗ ಇಸ್ರೊದ ಎಲೆಕ್ಟ್ರೊ-ಆಪ್ಟಿಕ್ಸ್ ಪ್ರಯೋಗಾಲಯ ಇದೆ, ಲಿಯೋಸ್ ಅಂತಾರೆ. ಆದಿತ್ಯ-ಎಲ್1 ನೌಕೆಯ ಕಾಂತಮಾಪಕ ಮಾಡಿದ್ದು ಅವರು. ಫ್ಲಕ್ಸ್‌ಗೇಟ್ ಜಾತಿಯದ್ದು.

ಆದಿತ್ಯ 2023ರ ಸೆಪ್ಟೆಂಬರ್ 2ರಂದು ಹಾರಿತು, 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನ ಕಕ್ಷೆ ಸೇರಿತು. ಅಲ್ಲಿ ಸೂರ್ಯನಿಂದ ಬರೋ ಕಾಂತಕ್ಷೇತ್ರ ಸಾಮಾನ್ಯ ದಿನದಲ್ಲಿ ಐದಾರು ನ್ಯಾನೊಟೆಸ್ಲಾ. ಇಲ್ಲಿ ತೋಟದಲ್ಲಿ 40 ಮೈಕ್ರೊಟೆಸ್ಲಾ ಅಂದೆನಲ್ಲ, ಅದರ ಏಳೆಂಟು ಸಾವಿರದ ಒಂದು ಪಾಲು. ನೌಕೆಯೊಳಗಿನ ವೈರುಗಳ ಕರೆಂಟೇ ಅದನ್ನು ಮುಚ್ಚಿ ಹಾಕಬಹುದು. ಅದಕ್ಕೇ ಆರು ಮೀಟರ್ ಉದ್ದದ ಒಂದು ತೋಳು. ಅದನ್ನು ಮಡಿಸಿಟ್ಟು ಕಳಿಸಿದ್ದರು. 132 ದಿನ ಮಡಿಸಿಕೊಂಡೇ ಇದ್ದ ತೋಳು ಜನವರಿ 11ರಂದು ಸುಮಾರು ಒಂಬತ್ತು ಸೆಕೆಂಡಿನಲ್ಲಿ ಬಿಚ್ಚಿಕೊಂಡಿತು. ಮೂರು ಮೀಟರಿನಲ್ಲಿ ಒಂದು ಸಂವೇದಕ, ಆರು ಮೀಟರಿನಲ್ಲಿ ಇನ್ನೊಂದು. ಎರಡರ ವ್ಯತ್ಯಾಸ ನೋಡಿ ನೌಕೆಯದೇ ಗದ್ದಲ ಎಷ್ಟು ಅಂತ ಲೆಕ್ಕ ಹಾಕಿ ಕಳೆಯಬಹುದು.

ಗದ್ದಲದಿಂದ ದೂರ ಹೋಗೋ ಈ ಉಪಾಯ ನಮ್ಮ ದೇಶಕ್ಕೆ ಹೊಸದಲ್ಲ. ಮುಂಬೈಯ ಕೊಲಾಬಾ ವೀಕ್ಷಣಾಲಯ 1859ರ ಸೆಪ್ಟೆಂಬರ್ 2ರ ಮಹಾ ಸೌರ ಬಿರುಗಾಳಿಯನ್ನು ದಾಖಲಿಸಿತ್ತು. ಸುಮಾರು 1600 ನ್ಯಾನೊಟೆಸ್ಲಾ ಕುಸಿತ, ಇವತ್ತಿಗೂ ಜಗತ್ತಿನ ಸಂಶೋಧಕರು ಆ ಅಂಕಿಯನ್ನು ಚರ್ಚೆ ಮಾಡ್ತಾರೆ. ಆದಿತ್ಯ ಹಾರಿದ್ದೂ ಸೆಪ್ಟೆಂಬರ್ 2, ಬರೀ ಕಾಕತಾಳೀಯ. ಮುಂಬೈಗೆ ವಿದ್ಯುತ್ ಟ್ರಾಮ್ ಬರುತ್ತೆ ಅಂದಾಗ ಅದರ ಕರೆಂಟ್ ಅಳತೆ ಕೆಡಿಸುತ್ತೆ ಅಂತ 1904ರಲ್ಲಿ ಕಾಂತ ವೀಕ್ಷಣಾಲಯವನ್ನೇ ಆಲಿಬಾಗ್‌ಗೆ ಸಾಗಿಸಿದರು. ಆದಿತ್ಯನ ತೋಳು ಆರು ಮೀಟರ್, ಮುಂಬೈಯ ತೋಳು ಮೂವತ್ತು ಕಿಲೋಮೀಟರ್ ಅಂದುಕೊಳ್ಳಿ. 2024ರ ಮೇ ತಿಂಗಳಲ್ಲಿ ದೊಡ್ಡ ಸೌರ ಬಿರುಗಾಳಿ ಬಂದು ಲಡಾಖಿನ ಹಾನ್ಲೆಯಲ್ಲೂ ಆಕಾಶ ಕೆಂಪಾಯಿತಲ್ಲ, ಆಗ ಆದಿತ್ಯನ ಉಪಕರಣಗಳು ಎಲ್1ರಲ್ಲಿ ಅದರ ಗುರುತನ್ನು ಹಿಡಿದವು.

ಈಗ ನನ್ನನ್ನು ಈ ಸಂಚಿಕೆಗೆ ಎಳೆದು ತಂದ ಸಂಗತಿ. ಜಗತ್ತಿನ ಬಹಳಷ್ಟು ಒಳ್ಳೆ ಫ್ಲಕ್ಸ್‌ಗೇಟ್‌ಗಳ ಎದೆಯಲ್ಲಿ ಇನ್ಫಿನೆಟಿಕ್ಸ್ ಅನ್ನೋ ಅಮೆರಿಕದ ಕಂಪನಿ ಮಾಡುತ್ತಿದ್ದ ಪರ್ಮಲಾಯ್ ಉಂಗುರ ಇತ್ತು. ಅದರ ಹಿಂದಿನ ಸಂಶೋಧನೆ 1960ರ ದಶಕದಲ್ಲಿ ಮಿಲಿಟರಿಗಾಗಿ ಆದದ್ದು, ಪ್ರಕಟ ಆಗಲಿಲ್ಲ. 1996ರಲ್ಲಿ ಉತ್ಪಾದನೆ ನಿಂತಿತು. ಹೇಗೆ ಮಾಡುತ್ತಿದ್ದರು ಅಂತ ಬರೆದಿಟ್ಟದ್ದು ಹೊರಗೆ ಎಲ್ಲೂ ಇಲ್ಲ. ವಿಜ್ಞಾನಿಗಳು ಹಳೇ ದಾಸ್ತಾನಿನ ಉಂಗುರಗಳನ್ನೇ ಜೋಪಾನವಾಗಿ ಬಳಸುತ್ತಾ ಬಂದರು. ಕೊನೆಗೆ ಅಯೋವಾ ವಿಶ್ವವಿದ್ಯಾಲಯದ ಡೇವಿಡ್ ಮೈಲ್ಸ್ ಮತ್ತು ಸಂಗಡಿಗರು ಲೋಹದ ಪುಡಿಯಿಂದ ಶುರು ಮಾಡಿ, ಕರಗಿಸಿ, ಪಟ್ಟಿ ಮಾಡಿ, ಕಾಯಿಸಿ, ಹದ ಹುಡುಕಿ, 2019ರಲ್ಲಿ ತಮ್ಮ ಇಡೀ ವಿಧಾನವನ್ನು ಎಲ್ಲರೂ ಓದೋ ಹಾಗೆ ಪ್ರಕಟಿಸಿದರು. ಹಳೇ ಉಂಗುರಗಳ ಮಟ್ಟಕ್ಕೆ ಬಂದಿದ್ದೇವೆ ಅಂತ ಬರೆದರು.

ಯೋಚನೆ ಮಾಡಿ. ಕಂಪ್ಯೂಟರ್, ಪೇಟೆಂಟ್ ಆಫೀಸು, ಫೈಲು ಎಲ್ಲ ಇದ್ದ ಅಮೆರಿಕದಲ್ಲಿ, ನಾವು ಹುಟ್ಟೋ ಹೊತ್ತಿಗೆ, ಒಂದು ಹದ ಕಳೆದುಹೋಗುತ್ತೆ. ಮತ್ತೆ ಪಡೆಯೋಕೆ ಇಪ್ಪತ್ತಕ್ಕೂ ಹೆಚ್ಚು ವರ್ಷ. ಹಾಗಿರುವಾಗ 19ನೇ ಶತಮಾನದ ಕೊನೆಗೆ ಸೋವಿ ಯುರೋಪಿಯನ್ ಉಕ್ಕು ಬಂದು, ಕಾಡಿನ ಇದ್ದಿಲು ಕೈಗೆಟುಕದೆ, ಮೂಸೆ ಉಕ್ಕಿನ ಕುಲುಮೆಗಳು ಒಂದೊಂದಾಗಿ ಆರಿದಾಗ ಎಷ್ಟು ಹದಗಳು ಜೊತೆಗೆ ಆರಿರಬಹುದು! ‘ನಮ್ಮ ಜನ ಬರೆದಿಡಲಿಲ್ಲ’ ಅಂತ ಬೈಯೋದು ಸುಲಭ. ಬರೆಯೋ ಜನರೂ ಬರೆದಿಡಲಿಲ್ಲ. ಕೈಯಲ್ಲಿರೋ ವಿದ್ಯೆ ಕಾಗದಕ್ಕೆ ಇಳಿಯೋಕೆ ಹಿಂದೇಟು ಹಾಕುತ್ತೆ, ಜೊತೆಗೆ ಅದನ್ನು ಗುಟ್ಟಾಗಿ ಇಟ್ಟುಕೊಳ್ಳೋದರಲ್ಲಿ ಯಾರಿಗೋ ಲಾಭ ಇರುತ್ತೆ. ಅಯೋವಾದವರು ಗುಟ್ಟು ಮಾಡದೆ ಪ್ರಕಟಿಸಿದ್ದು ನನಗೆ ದೊಡ್ಡದಾಗಿ ಕಾಣೋದು ಇದಕ್ಕೇ.

ಚನ್ನಪಟ್ಟಣ, ಮಾಗಡಿ, ರಾಮನಗರ ಕಡೆಯ ಕೇಳುಗರಿಗೆ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ, ಹಳೇ ಸಾಮಾನಿನ ಪೆಟ್ಟಿಗೆಯಲ್ಲಿ, ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ತೂತು ಕೊರೆದ ಭಾರವಾದ ಲೋಹದ ಹಲಗೆ ಇದೆಯಾ ನೋಡಿ. ಅಜ್ಜ-ಅಜ್ಜಿಯರನ್ನು ಕೇಳಿ, ತಂತಿ ಎಳೀತಿದ್ದವರ ಮನೆ ಇಂಥ ಬೀದಿಯಲ್ಲಿತ್ತು, ವೀಣೆಯವರು ಬಂದು ತಂತಿ ಕೊಂಡು ಹೋಗ್ತಿದ್ದರು ಅಂತ ಯಾರಾದರೂ ಹೇಳಿದರೆ ಅದನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ ನನಗೆ ಕಳಿಸಿ. ಸದ್ದು ಸ್ವಲ್ಪ ಚರಪರ ಅಂದರೂ ಪರವಾಗಿಲ್ಲ, ನಾನು ಸರಿ ಮಾಡಿಕೊಳ್ತೀನಿ. ಸಿಕ್ಕಿದರೆ ಅದೇ ಮುಂದಿನ ಸಂಚಿಕೆ.